ಬಾಚಣಿಗೆಯ ಮೇಲೆ ಐದು ಅಕ್ಷರ

ಉತ್ತರ ಯುರೋಪಿನವರು ಹಿಂದೆ ಬಳಸುತ್ತಿದ್ದ ರೂನ್ ಲಿಪಿಯ ತೀರಾ ಹಳೆಯ ಬರಹಗಳನ್ನು ಹುಡುಕುತ್ತಾ ಹೋದರೆ ನಾವು ಮುಟ್ಟುವುದು ಒಂದು ಬಾಚಣಿಗೆಯನ್ನು. ತಲೆ ಬಾಚುವ ಬಾಚಣಿಗೆಯೇ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ರಾಷ್ಟ್ರೀಯ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯೊಂದರಲ್ಲಿ ಅದನ್ನು ಇಟ್ಟಿದ್ದಾರೆ. ಪಕ್ಕದಲ್ಲಿ ಕತ್ತಿ, ಚಿನ್ನ ಎಲ್ಲ ಇರುವಾಗ ಇದರ ಮುಂದೆ ನಿಲ್ಲುವವರು ಕಡಿಮೆ, ನಿಂತರೂ ಅಕ್ಷರ ಎಲ್ಲಿದೆ ಎಂದು ಬಗ್ಗಿ ನೋಡಬೇಕು. ಹಿಡಿಯ ಮೇಲೆ ಸಣ್ಣ ಸಣ್ಣ ಗೀರುಗಳು, ಯಾರೋ ಮೊನೆಯಿಂದ ಕೊರೆದಂತಿವೆ. ಐದೇ ಅಕ್ಷರ: ಹ, ಅ, ರ್, ಯ್, ಅ. ಒಟ್ಟಿಗೆ ಓದಿದರೆ 'ಹರ್ಯ'. ಯೋಧನೊಬ್ಬನ ಹೆಸರಿರಬಹುದು, ಸುಮ್ನೆ 'ಯೋಧ' ಅನ್ನುವ ಅರ್ಥವೂ ಇರಬಹುದು.

ಇದರ ಕಾಲ ಸುಮಾರು ಕ್ರಿ.ಶ. 160. ನಮ್ಮ ಹಲ್ಮಿಡಿ ಶಾಸನಕ್ಕಿಂತ ಮುನ್ನೂರು ವರ್ಷದಷ್ಟು ಹಳೆಯದು. ಸ್ಕ್ಯಾಂಡಿನೇವಿಯಾದ ಕಡಲದಾಳಿಕೋರರಾದ ವೈಕಿಂಗರಿಗಿಂತಲೂ ತುಂಬಾ ಹಿಂದಿನದು, ಯಾಕೆಂದರೆ ಇಂಗ್ಲೆಂಡಿನ ಲಿಂಡಿಸ್ಫಾರ್ನ್ ಮಠವನ್ನು ಅವರು ದೋಚಿದ್ದು 793ರಲ್ಲಿ, ವೈಕಿಂಗ್ ಯುಗ ಶುರುವಾಯಿತು ಎಂದು ಪುಸ್ತಕಗಳು ಹೇಳುವುದು ಅಲ್ಲಿಂದ. ಅಂದರೆ ವೈಕಿಂಗರ ಕೈಗೆ ಈ ಲಿಪಿ ಬರುವ ಹೊತ್ತಿಗೆ ಅದಕ್ಕೆ ಆರುನೂರು ವರ್ಷ ವಯಸ್ಸಾಗಿತ್ತು.

ಬಾಚಣಿಗೆ ಉಳಿದದ್ದು ಹೇಗೆ? ಡೆನ್ಮಾರ್ಕಿನ ಫ್ಯೂನ್ ದ್ವೀಪದ ವೀಮೋಸೆ ಅನ್ನುವ ಜೌಗು ಅದನ್ನು ಕಾಪಾಡಿತು. ಯುದ್ಧದಲ್ಲಿ ಗೆದ್ದವರು ಸೋತವರ ಆಯುಧ, ಸಾಮಾನು ಎಲ್ಲವನ್ನೂ ಅಲ್ಲಿಯ ನೀರಿಗೆ ಹಾಕಿ ದೇವರಿಗೆ ಅರ್ಪಿಸುತ್ತಿದ್ದರು. ಇಪ್ಪತ್ತು ಸಾವಿರದಷ್ಟು ಕಬ್ಬಿಣದ ಉಂಗುರಗಳನ್ನು ಒಂದಕ್ಕೊಂದು ಹೆಣೆದ ಕವಚದ ಅಂಗಿಯೊಂದು ಇಡಿಯಾಗಿ ಸಿಕ್ಕಿದ್ದೂ ಅಲ್ಲೇ. ಜೌಗಿನ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ವಸ್ತುಗಳನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬದುಕುವುದೇ ಕಷ್ಟ. ಒಣ ಮಣ್ಣಿನಲ್ಲಿ ಪುಡಿಯಾಗಿ ಹೋಗಬೇಕಾದದ್ದು ಕೆಸರಿನಲ್ಲಿ ಸಾವಿರಾರು ವರ್ಷ ಹಾಗೇ ಕೂರುತ್ತದೆ.

ಅಂದಹಾಗೆ ಬಾಚಣಿಗೆಗೂ ಆ ಜನಕ್ಕೂ ಒಳ್ಳೆಯ ನಂಟು. ವೈಕಿಂಗರ ಸಮಾಧಿಗಳಲ್ಲಿ ಬಾಚಣಿಗೆ ಸಿಗುವುದು ತೀರಾ ಮಾಮೂಲಿ. ವಾಲಿಂಗ್‌ಫರ್ಡ್‌ನ ಜಾನ್ ಎಂಬ ಹದಿಮೂರನೇ ಶತಮಾನದ ಇಂಗ್ಲಿಷ್ ಬರಹಗಾರ ಡೇನರ, ಅಂದರೆ ಡೆನ್ಮಾರ್ಕಿನ ವೈಕಿಂಗರ, ಮೇಲೆ ಹೊರಿಸುವ ದೂರು ಓದಿದರೆ ನಗು ಬರುತ್ತದೆ: ಅವರು ದಿನಾ ತಲೆ ಬಾಚುತ್ತಾರಂತೆ, ಶನಿವಾರ ಶನಿವಾರ ಸ್ನಾನ ಮಾಡುತ್ತಾರಂತೆ, ಆಗಾಗ ಬಟ್ಟೆ ಬದಲಿಸುತ್ತಾರಂತೆ, ಹಾಗಾಗಿ ಇಂಗ್ಲಿಷರ ಹೆಂಗಸರು ಅವರಿಗೆ ಮರುಳಾಗುತ್ತಾರಂತೆ!

ಇನ್ನು ಕೊಂಬಿನ ಶಿರಸ್ತ್ರಾಣ. ಅದನ್ನು ನೋಡಲೆಂದೇ ಮಕ್ಕಳನ್ನು ಕರೆದುಕೊಂಡು ಬರುವವರಿದ್ದಾರೆ, ಮ್ಯೂಸಿಯಂನಲ್ಲಿ ನಿಜವಾಗಿಯೂ ಎರಡು ಇವೆ. ಆದರೆ ಅವು ವೈಕಿಂಗರದ್ದಲ್ಲ. 1942ರಲ್ಲಿ ವೆಕ್ಸೊ ಎಂಬಲ್ಲಿ ಜೌಗಿನಿಂದ ಹೊರಬಂದ ಕಂಚಿನ ಶಿರಸ್ತ್ರಾಣಗಳು ಅವು. ಒಂದರ ಕೊಂಬಿಗೆ ಅಂಟಿದ್ದ ಬರ್ಚ್ ಮರದ ಅಂಟನ್ನು ಇಂಗಾಲದ ಪರೀಕ್ಷೆಗೆ ಒಡ್ಡಿದಾಗ ಕ್ರಿ.ಪೂ. 900ರ ಆಸುಪಾಸಿನದು ಎಂದು ತಿಳಿಯಿತು. ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ಸಿಕ್ಕ ಅಸಲಿ ವೈಕಿಂಗ್ ಶಿರಸ್ತ್ರಾಣಕ್ಕೆ ಕೊಂಬೇ ಇಲ್ಲ. ಕೊಂಬು ಅವರ ತಲೆ ಏರಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಮುಖ್ಯವಾಗಿ 1876ರಲ್ಲಿ ಜರ್ಮನಿಯಲ್ಲಿ ನಡೆದ ವಾಗ್ನರ್‌ನ ಸಂಗೀತ ನಾಟಕದ ವೇಷಭೂಷಣದಿಂದ.

ರೂನ್ ಲಿಪಿಗೂ ಇಂಥದ್ದೇ ಗತಿ. ಹೆಸರು ಕೇಳಿದ ಕೂಡಲೇ ಜನಕ್ಕೆ ನೆನಪಾಗುವುದು ಮಾಟ, ಮಂತ್ರ, ಭವಿಷ್ಯ. ಪ್ರವಾಸಿಗಳ ಅಂಗಡಿಗಳಲ್ಲಿ ರೂನ್ ಕೆತ್ತಿದ ಪುಟ್ಟ ಕಲ್ಲುಗಳ ಚೀಲ ಮಾರುತ್ತಾರೆ, ಕವಡೆ ಹಾಕಿದ ಹಾಗೆ ಹಾಕಿ ಶಕುನ ನೋಡಿಕೊಳ್ಳಬೇಕಂತೆ. ಕೆಲವು ಚೀಲಗಳಲ್ಲಿ ಏನೂ ಬರೆಯದ ಖಾಲಿ ಕಲ್ಲೂ ಒಂದಿರುತ್ತದೆ, ಅದು 1980ರ ದಶಕದಲ್ಲಿ ಹುಟ್ಟಿದ ಸರಕು. ಇದು ತಮಾಷೆಯ ಮಾತಾಯಿತು. ನಾಜಿಗಳು ಎಸ್‌ಎಸ್ ಪಡೆಯ ಲಾಂಛನಕ್ಕೆ ಇದೇ ಅಕ್ಷರಗಳನ್ನು ಬಳಸಿದ್ದು ತಮಾಷೆಯಲ್ಲ. ಹಾಗಂತ ರೂನ್‌ಗಳಲ್ಲಿ ಮಂತ್ರವೇ ಇರಲಿಲ್ಲ ಎಂದೂ ಅಲ್ಲ. ತಾಯತದ ಮೇಲೆ ಬರೆದದ್ದಿದೆ, ಶಾಪ ಹಾಕಿ ಬರೆದದ್ದೂ ಇದೆ. ಆದರೆ ನಮ್ಮಲ್ಲೂ ತಾಮ್ರದ ತಗಡಿನ ಮೇಲೆ ಯಂತ್ರ ಬರೆಯುತ್ತಾರೆ, ಅಷ್ಟಕ್ಕೇ ಕನ್ನಡವನ್ನು ಮಂತ್ರದ ಲಿಪಿ ಅನ್ನೋಕಾಗುತ್ತಾ?

ಲಿಪಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಇದರಲ್ಲಿ 24 ಅಕ್ಷರಗಳಿದ್ದವು. ಲ್ಯಾಟಿನ್‌ನಂಥ ದಕ್ಷಿಣ ಯುರೋಪಿನ ಲಿಪಿಗಳನ್ನು ನೋಡಿ ಕಟ್ಟಿಕೊಂಡದ್ದು ಎನ್ನುವುದು ಬಹುಮತ. ಹೆಚ್ಚಿನ ಅಕ್ಷರಗಳಲ್ಲಿ ನೆಟ್ಟಗೆ ನಿಂತ ಒಂದು ಗೆರೆ, ಅದಕ್ಕೆ ಓರೆಯಾಗಿ ಒಂದೋ ಎರಡೋ ಗೆರೆ, ಅಡ್ಡಗೆರೆ ಮಾತ್ರ ಇಲ್ಲ. ಮರದ ಮೇಲೆ ಚಾಕುವಿನಿಂದ ಕೊರೆದು ನೋಡಿದವರಿಗೆ ಕಾರಣ ಗೊತ್ತಾಗುತ್ತದೆ: ನಾರಿನ ಜೊತೆಜೊತೆಗೆ ಅಡ್ಡ ಎಳೆದರೆ ಗೆರೆ ನಾರಿನೊಳಗೇ ಕಳೆದುಹೋಗುತ್ತದೆ, ಇಲ್ಲವೇ ಮರ ಸೀಳುತ್ತದೆ.

ಎಂಟನೇ ಶತಮಾನದಲ್ಲಿ ಒಂದು ವಿಚಿತ್ರ ನಡೆಯಿತು. ಆಡುಮಾತಿನಲ್ಲಿ ಸ್ವರಗಳು ಜಾಸ್ತಿಯಾಗಿದ್ದವು, ಆದರೆ ಅಕ್ಷರಗಳು 24ರಿಂದ 16ಕ್ಕೆ ಇಳಿದವು. ಯಾಕೆ ಅನ್ನುವುದಕ್ಕೆ ತಜ್ಞರು ಇವತ್ತಿಗೂ ಕಿತ್ತಾಡುತ್ತಾರೆ. ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. ಪ, ಬ ಅಷ್ಟೇ. ತಮಿಳು ಓದಲು ಬರುವವರಿಗೆ ಇದೇನು ಮಹಾ ಅನಿಸಬಹುದು, ಆದರೆ ಇಲ್ಲಿಗೇ ಮುಗಿಯುವುದಿಲ್ಲ. ಉ, ಒ, ವ ಎಲ್ಲದಕ್ಕೂ ಒಂದು, ಇ, ಎ, ಯಗಳಿಗೆ ಇನ್ನೊಂದು. ವ್ಯಂಜನಕ್ಕೆ ಮೊದಲು ಬರುವ ಅನುಸ್ವಾರವನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಈ ಕಾಯಿದೆಯಲ್ಲಿ ಕನ್ನಡ ಬರೆದರೆ 'ಗಂಗ' ಎನ್ನುವುದು 'ಕಕ' ಆಗುತ್ತದೆ, 'ತಂದೆ' 'ತತಿ' ಆಗುತ್ತದೆ. ಸಾಲದ್ದಕ್ಕೆ ಒಂದು ಪದ ಮುಗಿಯುವ ಅಕ್ಷರದಿಂದಲೇ ಮುಂದಿನ ಪದ ಶುರುವಾದರೆ ಅದನ್ನು ಒಂದೇ ಸಲ ಬರೆದು ಕೈತೊಳೆದುಕೊಳ್ಳುವುದೂ ಉಂಟು. ಬರಹ ಎಡದಿಂದ ಹೋಗಬಹುದು, ಬಲದಿಂದ ಬರಬಹುದು, ಕಲ್ಲಿನಲ್ಲಿ ಕೆತ್ತಿದ ಹಾವಿನ ಮೈಮೇಲೆ ಸುತ್ತುತ್ತಲೂ ಸಾಗಬಹುದು. ರಾಜನ ಕಲ್ಲಿಗೂ ವಿನಾಯಿತಿ ಇಲ್ಲ. ಡೆನ್ಮಾರ್ಕಿನ ಯೆಲ್ಲಿಂಗ್ ಊರಿನ ದೊಡ್ಡ ಕಲ್ಲಿನಲ್ಲಿ 'ಹರಾಲ್ಡರ್ ಕೊನುಂಗರ್', ಅಂದರೆ ಹರಾಲ್ಡ್ ರಾಜ, ಎಂದಿರಬೇಕಾದದ್ದು 'ಹರಲ್ಟರ್ ಕುನುಕರ್' ಎಂದಿದೆ. ಓದುವವರಿಗೆ ಭಾಷೆ ಬಾಯಲ್ಲೇ ಇತ್ತು, ಅಷ್ಟು ಸಾಕಾಗುತ್ತಿತ್ತು. ನಮಗಿಲ್ಲವಲ್ಲ, ಅದಕ್ಕೇ ಒಂದೊಂದು ಸಾಲಿಗೂ ನಾಲ್ಕು ವ್ಯಾಖ್ಯಾನ.

ಮ್ಯೂಸಿಯಂನ ರೂನ್ ಕಲ್ಲುಗಳಲ್ಲಿ ಭಾರತೀಯರು ಥಟ್ಟನೆ ನಿಲ್ಲುವುದು ಸ್ನೋಲ್ಡೆಲೆವ್ ಕಲ್ಲಿನ ಎದುರು. ಅದರ ಮೇಲೆ ಸ್ವಸ್ತಿಕ ಇದೆ. ಪಕ್ಕದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮೂರು ಕುಡಿಯುವ ಕೊಂಬುಗಳು. ಸ್ವಸ್ತಿಕ ಕಂಡ ಕೂಡಲೇ 'ನೋಡಿ, ನಮ್ಮವರು ಇಲ್ಲಿಗೂ ಬಂದಿದ್ದರು' ಎಂದು ಫೋಟೋ ಹಾಕುವ ಆಸೆಯಾಗಬಹುದು, ದಯವಿಟ್ಟು ಬೇಡ. ಇದು ತುಂಬಾ ಕಡೆ ತುಂಬಾ ಹಳೆಯ ಕಾಲದಿಂದ ಕಾಣುವ ಗುರುತು. ಈ ಕಲ್ಲಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದಲ್ಲ. ರೂನ್ ಬರೆಯುವುದಕ್ಕೂ ಸಾವಿರಕ್ಕೂ ಹೆಚ್ಚು ವರ್ಷ ಮೊದಲು, ಕಂಚಿನ ಯುಗದಲ್ಲಿ, ಯಾರೋ ಇದೇ ಕಲ್ಲಿನ ಮೇಲೆ ಸೂರ್ಯಚಕ್ರವೊಂದನ್ನು ಕೆತ್ತಿದ್ದರು. ಬಹಳ ಸವೆದಿದೆ, ಆದರೂ ಇದೆ. ಒಂಬತ್ತನೇ ಶತಮಾನದ ಶುರುವಿನಲ್ಲಿ ರೋಆಲ್ಡ್‌ನ ಮಗ ಗುನ್ವಾಲ್ಡ್‌ನ ಹೆಸರು ಬರೆಯಲು ಬಂದವನು ಆ ಹಳೆಯ ಕಲ್ಲನ್ನೇ ಮತ್ತೆ ಬಳಸಿದ.

ನಿಜವಾಗಿಯೂ ನಮ್ಮ ಕಡೆಯಿಂದ ಬಂದದ್ದನ್ನೇ ನೋಡಬೇಕೆಂದರೆ ಸ್ಟಾಕ್‌ಹೋಮ್‌ಗೆ ಹೋಗಿ. ಸ್ವೀಡನ್ನಿನ ಹೆಲ್ಗೊ ದ್ವೀಪದಲ್ಲಿ 1956ರಲ್ಲಿ ಸಿಕ್ಕ ಕಂಚಿನ ಬುದ್ಧ ಅಲ್ಲಿದ್ದಾನೆ, ಎಂಟೂವರೆ ಸೆಂಟಿಮೀಟರ್ ಎತ್ತರ, ಭಾರತ ಉಪಖಂಡದ ವಾಯವ್ಯ ಮೂಲೆಯಲ್ಲಿ ಮಾಡಿದ್ದು. ಕೈಯಿಂದ ಕೈಗೆ ವ್ಯಾಪಾರದಲ್ಲಿ ಸಾಗಿ ಬಂದಿರಬೇಕು.

ಸರಿ, ಈ ಲಿಪಿಯಲ್ಲಿ ಜನ ಏನು ಬರೆಯುತ್ತಿದ್ದರು? ಕಲ್ಲುಗಳ ಲೆಕ್ಕ ತೆಗೆದರೆ ಸ್ಕ್ಯಾಂಡಿನೇವಿಯಾದಲ್ಲಿ ಸುಮಾರು 3000 ಇವೆ, ಬಹುಪಾಲು ಸ್ವೀಡನ್ನಿನಲ್ಲಿ. ಅವುಗಳ ಧಾಟಿ ಒಂದೇ: ಇಂಥವನು ಇಂಥವನ ನೆನಪಿಗೆ ಈ ಕಲ್ಲು ನಿಲ್ಲಿಸಿದ. ನಮ್ಮ ವೀರಗಲ್ಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಒಂದೇ ಧಾಟಿಯಲ್ಲಿ ಏನೇನೋ ಬದುಕು ಅಡಗಿದೆ. ಡೆನ್ಮಾರ್ಕಿನ ಹೋರ್ನಿಂಗ್‌ನಲ್ಲಿ ಸಿಕ್ಕ, ಈಗ ಓರ್ಹುಸ್ ಹತ್ತಿರದ ಮೊಸ್‌ಗಾರ್ಡ್ ಮ್ಯೂಸಿಯಂನಲ್ಲಿರುವ ಕಲ್ಲನ್ನು ನಿಲ್ಲಿಸಿದವನು ಟೋಕಿ ಎಂಬ ಕಮ್ಮಾರ. ಗುಡ್ಮುಂಡ್‌ನ ಮಗ ಥೋರ್ಗಿಸ್ಲ್‌ನ ನೆನಪಿಗಾಗಿ, ಅವನು ತನಗೆ 'ಚಿನ್ನವನ್ನೂ ಬಿಡುಗಡೆಯನ್ನೂ ಕೊಟ್ಟ' ಎಂದು ಬರೆಸಿದ್ದಾನೆ. ಅಂದರೆ ಟೋಕಿ ಜೀತದಲ್ಲಿದ್ದವನು. ವೈಕಿಂಗ್ ಕಾಲದ ಗುಲಾಮರ ಬಗ್ಗೆ ಬೇರೆಯವರು ಬರೆದದ್ದು ಎಷ್ಟೋ ಇದೆ, ಗುಲಾಮನಾಗಿದ್ದವನೇ ತನ್ನ ಹೆಸರಲ್ಲಿ ಕಲ್ಲು ನಿಲ್ಲಿಸಿದ್ದು ಅಪರೂಪ.

ಕಲ್ಲು ದುಡ್ಡಿದ್ದವರ ಮಾತಾಯಿತು. ಕೈಯಲ್ಲಿ ಚಾಕು ಇದ್ದವರು ಏನು ಬರೆಯುತ್ತಿದ್ದರು ಎಂದು ಗೊತ್ತಾದದ್ದು ನಾರ್ವೆಯ ಬರ್ಗನ್ ಬಂದರಿನ ಬೆಂಕಿಯಿಂದ. 1955ರಲ್ಲಿ ಅಲ್ಲಿಯ ಬ್ರಿಗ್ಗನ್ ಧಕ್ಕೆಯ ಹಳೆಯ ಮರದ ಕಟ್ಟಡಗಳು ಸುಟ್ಟವು, ಅಡಿಯ ಮಣ್ಣು ಅಗೆದಾಗ ರೂನ್ ಬರೆದ ಕಡ್ಡಿಗಳು ಒಂದರ ಹಿಂದೆ ಒಂದು ಸಿಕ್ಕವು, ಒಟ್ಟು 670ರಷ್ಟು. ವೈಕಿಂಗ್ ಯುಗ ಮುಗಿದ ಮೇಲಿನವು ಇವು. ಮೂಟೆಗೆ ಕಟ್ಟುವ ಹೆಸರುಚೀಟಿ, ವ್ಯಾಪಾರದ ಕಾಗದ, ಪ್ರಾರ್ಥನೆ, ಪೋಲಿ ಮಾತು, 'ಮುತ್ತು ಕೊಡು' ಅನ್ನುವ ಬೇಡಿಕೆ. ಒಂದು ಕಡ್ಡಿಯಲ್ಲಿ 'ನೀನು ಮನೆಗೆ ಹೋಗಬೇಕಂತೆ, ಗೀಡಾ ಹೇಳಿದ್ದಾಳೆ' ಎಂದಿದೆ. ಹೆಂಡದಂಗಡಿಯಲ್ಲಿ ಕೂತ ಗಂಡನಿಗೆ ಬಂದ ಬುಲಾವು ಎಂದು ಎಲ್ಲರೂ ಊಹಿಸುತ್ತಾರೆ. ಉತ್ತರ ಗೀಚಲು ಹೋದಂತಿದೆ, ಅದು ಓದಲು ಬರುವ ಹಾಗಿಲ್ಲ.

ಡೆನ್ಮಾರ್ಕಿನದೇ ಒಂದು ತಪ್ಪು ಕಾಗುಣಿತದ ಕಥೆ ಕೇಳಿ. ಥೋರ್ ದೇವರ ಸುತ್ತಿಗೆಯ ಆಕಾರದ ತಾಯತಗಳು ಸಾವಿರದಷ್ಟು ಸಿಕ್ಕಿವೆ, ಆದರೆ ಅವು ನಿಜಕ್ಕೂ ಸುತ್ತಿಗೆಯೇನಾ ಎಂಬ ಅನುಮಾನ ಕೆಲವರಿಗೆ ಇತ್ತು. 2014ರಲ್ಲಿ ಲೋಲನ್ ದ್ವೀಪದ ಕೊಬೆಲೆವ್‌ನಲ್ಲಿ ಸಿಕ್ಕ ಹತ್ತನೇ ಶತಮಾನದ ಪುಟ್ಟ ತಾಯತದ ಮೇಲೆ ಕೆಲವೇ ಮಿಲಿಮೀಟರ್ ಎತ್ತರದ ರೂನ್‌ಗಳಲ್ಲಿ 'ಇದು ಸುತ್ತಿಗೆ' ಎಂದೇ ಬರೆದಿದೆ. ಬರೆದವನು 'ಹಮರ್' ಅನ್ನುವಲ್ಲಿ ಮೊದಲ 'ಅ' ನುಂಗಿಬಿಟ್ಟಿದ್ದಾನೆ.

ಯೆಲ್ಲಿಂಗ್ ಕಲ್ಲಿನ ಮಾತು ಬಂತಲ್ಲ, ವಿಜ್ಞಾನದ ಸ್ವಾರಸ್ಯ ಇರುವುದು ಅಲ್ಲಿ. ಈ ಕಲ್ಲು ಮ್ಯೂಸಿಯಂನಲ್ಲಿಲ್ಲ, ಯೂಟ್‌ಲ್ಯಾಂಡಿನ ಆ ಊರಲ್ಲೇ ಗಾಜಿನ ಗೂಡಿನೊಳಗಿದೆ. ಸುಮಾರು 965ರಲ್ಲಿ ಹರಾಲ್ಡ್ ಬ್ಲೂಟೂತ್ ತನ್ನ ಅಪ್ಪ ಗೋರ್ಮ್ ಮತ್ತು ಅಮ್ಮ ಥೀರಾ ನೆನಪಿಗೆ ನಿಲ್ಲಿಸಿದ್ದು. (ಹೌದು, ನಿಮ್ಮ ಫೋನಿನ ಬ್ಲೂಟೂತ್ ಇವನ ಹೆಸರೇ. ಆ ಚಿಹ್ನೆ ಅವನ ಹೆಸರಿನ ಎರಡು ರೂನ್‌ಗಳನ್ನು ಕೂಡಿಸಿ ಮಾಡಿದ್ದು.) ಕೆತ್ತಿದವನ ಹೆಸರು ಕಲ್ಲಿನಲ್ಲಿಲ್ಲ. 2023ರಲ್ಲಿ ಅವನು ಯಾರೆಂದು ಗೊತ್ತಾಯಿತು.

ಉಪಾಯ ಸರಳವಾಗಿದೆ. ಉಳಿಯನ್ನು ಎಷ್ಟು ಓರೆಯಾಗಿ ಹಿಡಿಯುತ್ತಾರೆ, ಎಷ್ಟು ಜೋರಾಗಿ ಹೊಡೆಯುತ್ತಾರೆ, ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಸರಿಸುತ್ತಾರೆ ಅನ್ನುವುದು ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಥರ. ಕೈಗೆ ರೂಢಿಯಾದದ್ದನ್ನು ಬೇಕೆಂದರೂ ಬದಲಿಸುವುದು ಕಷ್ಟ. ಆ ಲಯ ಗೀರಿನ ತಳದಲ್ಲಿ ಸಣ್ಣ ಸಣ್ಣ ತಗ್ಗುಗಳಾಗಿ ಉಳಿಯುತ್ತದೆ. ಸ್ವೀಡನ್ನಿನ ಪುರಾತತ್ವಜ್ಞೆ ಲೈಲಾ ಕಿಟ್ಸ್‌ಲರ್ ಓಫೆಲ್ಟ್ ಇದರ ಮೇಲೆ ಎರಡು ದಶಕಕ್ಕೂ ಹೆಚ್ಚು ಕೆಲಸ ಮಾಡಿದ್ದಾರೆ. ಕಲ್ಲನ್ನು 3ಡಿ ಸ್ಕ್ಯಾನ್ ಮಾಡಿ, ಗೀರಿನ ಆಳ, ಓರೆ, ಲಯ ಎಲ್ಲವನ್ನೂ ಅಳೆದು, ಅಂಕಿಅಂಶದ ಲೆಕ್ಕಕ್ಕೆ ಹಾಕುತ್ತಾರೆ. ಇಂದಿನ ಕಲ್ಲುಕುಟಿಗರಿಂದ ಕೆತ್ತಿಸಿ ಪರೀಕ್ಷಿಸಿಯೂ ನೋಡಿದ್ದಾರೆ. ಕೋಪನ್‌ಹೇಗನ್ ಮ್ಯೂಸಿಯಂನ ಲಿಸ್ಬೆತ್ ಇಮರ್ ಜೊತೆ ಸೇರಿ ಯೆಲ್ಲಿಂಗ್ ಕಲ್ಲನ್ನು ಲೇಬೋರ್ಗ್ ಎಂಬ ಇನ್ನೊಂದು ಊರಿನ ಕಲ್ಲಿನೊಂದಿಗೆ ಹೋಲಿಸಿದಾಗ ಎರಡೂ ಒಂದೇ ಕೈಕೆಲಸ ಎಂದು ಕಂಡಿತು. ಲೇಬೋರ್ಗ್ ಕಲ್ಲಿನಲ್ಲಿ ಸಹಿ ಇದೆ: ರಾವ್ನುಂಗೆ ಟೂವೆ, ತನ್ನ ಒಡತಿ ಥೀರಾ ನೆನಪಿಗೆ ಈ ರೂನ್‌ಗಳನ್ನು ಕೆತ್ತಿದ.

ಇಲ್ಲಿಂದ ಇತಿಹಾಸವೇ ಸ್ವಲ್ಪ ಹೊರಳುತ್ತದೆ. ಈ ಥೀರಾ ರಾಜಮಾತೆಯೋ, ಅದೇ ಹೆಸರಿನ ಬೇರೊಬ್ಬಳೋ ಎಂಬ ವಾದ ಹಳೆಯದು. ರಾಜಮಾತೆಯ ಕಲ್ಲನ್ನು ಕೆತ್ತಿದವನೇ ಇದನ್ನೂ ಕೆತ್ತಿದ್ದರೆ ಇಬ್ಬರೂ ಒಬ್ಬಳೇ ಇರುವ ಸಾಧ್ಯತೆ ತುಂಬಾ ಹೆಚ್ಚು. ಆಗ ಅವಳ ಹೆಸರಿರುವ ಕಲ್ಲುಗಳು ನಾಲ್ಕಾಗುತ್ತವೆ. ವೈಕಿಂಗ್ ಕಾಲದ ಡೆನ್ಮಾರ್ಕಿನಲ್ಲಿ ಗಂಡಸರೂ ಸೇರಿ ಬೇರೆ ಯಾರ ಹೆಸರೂ ಅಷ್ಟು ಕಲ್ಲುಗಳ ಮೇಲಿಲ್ಲ. ಗೋರ್ಮ್ ಮತ್ತು ಹರಾಲ್ಡ್‌ರ ಕಥೆ ಎಂದು ಶಾಲೆಯಲ್ಲಿ ಕಲಿಸಿದ್ದರಲ್ಲಿ ಆಯಮ್ಮನ ಪಾತ್ರ ಎಷ್ಟು ದೊಡ್ಡದಿತ್ತು ಎಂದು ಈಗ ಮತ್ತೆ ಲೆಕ್ಕ ಹಾಕುತ್ತಿದ್ದಾರೆ.

ಬೆಂಗಳೂರಿನ ಮಿಥಿಕ್ ಸೊಸೈಟಿ ನಮ್ಮ ಶಾಸನಗಳನ್ನೂ 3ಡಿ ಸ್ಕ್ಯಾನ್ ಮಾಡುತ್ತಿದೆ, ಸವೆದ ಅಕ್ಷರ ಓದಲು ಅದು ಬಹಳ ಸಹಾಯ ಮಾಡುತ್ತದೆ. ಕನ್ನಡ ಶಾಸನಗಳಲ್ಲಿ ಕೆತ್ತಿದ ರೂವಾರಿಯ ಹೆಸರು ಎಷ್ಟೋ ಕಡೆ ಇದೆ, ಎಷ್ಟೋ ಕಡೆ ಇಲ್ಲ. ಹೊಯ್ಸಳರ ನುಣುಪು ಮಾಡಿದ ಬಳಪದ ಕಲ್ಲಿನ ವಿಗ್ರಹಗಳಲ್ಲಿ ಉಳಿಯ ಗುರುತು ಉಜ್ಜಿ ಹೋಗಿರುತ್ತದೆ, ಅಲ್ಲಿ ಈ ಉಪಾಯ ನಡೆಯುವುದು ಕಷ್ಟ. ಆದರೆ ಗ್ರಾನೈಟ್ ಬಂಡೆಯ ಮೇಲೆ ಅಕ್ಷರ ಕೊರೆದದ್ದು ಬೇರೆ ಮಾತು. ಸಹಿ ಇರುವ ಒಂದು ಶಾಸನದಿಂದ ಹೊರಟು, ಅದೇ ಕೈಯ ಸಹಿ ಇಲ್ಲದ ಕಲ್ಲುಗಳನ್ನು ಅಕ್ಕಪಕ್ಕದ ಊರುಗಳಲ್ಲಿ ಹುಡುಕುವ ಕೆಲಸಕ್ಕೆ ಯಾರಾದರೂ ಕೈ ಹಾಕಬೇಕು.