ಗೊರಕೆಗೆ ಆಪರೇಷನ್: ಮೊದಲು ದಾರಿ ಎಲ್ಲಿ ಮುಚ್ಚುತ್ತಿದೆ ನೋಡಬೇಕು

"ಡಾಕ್ಟ್ರೇ, ಆ ಮಾಸ್ಕ್ ಹಾಕ್ಕೊಂಡು ಮಲಗೋಕೆ ಆಗ್ತಿಲ್ಲ. ಒಂದು ಆಪರೇಷನ್ ಮಾಡಿ ಮುಗಿಸಿಬಿಡಿ." ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ದಾರಿ ಮುಚ್ಚಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ ಇರುವವರಿಂದ ನಾನು ಪದೇ ಪದೇ ಕೇಳುವ ಮಾತಿದು. ಅವರ ಕಷ್ಟ ನಿಜ. ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ದಾರಿ ತೆರೆದಿಡುವ ಸಿಪ್ಯಾಪ್ ಮೆಷಿನ್ ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಉಸಿರಿನ ದಾರಿ ಎಲ್ಲಿ ಮುಚ್ಚಿಕೊಳ್ಳುತ್ತಿದೆ ಅಂತ ತಿಳಿಯದೆ ಯಾವ ಆಪರೇಷನ್ ಅಂತ ಹೇಳುವುದು?

ಎಚ್ಚರವಿದ್ದಾಗ ಗಂಟಲು ನೋಡಿದರೆ ಇದು ಪೂರ್ತಿ ಗೊತ್ತಾಗುವುದಿಲ್ಲ. ಅದಕ್ಕೇ ನಿದ್ರೆಯ ಔಷಧಿ ಕೊಟ್ಟು, ಗೊರಕೆ ಶುರುವಾದ ಮೇಲೆ ಮೂಗಿನಿಂದ ತೆಳು ಕ್ಯಾಮೆರಾ ಇಳಿಸುತ್ತೇವೆ. ಸ್ಕ್ರೀನ್ ಮೇಲೆ ಎಲ್ಲವೂ ಕಾಣುತ್ತದೆ. ಕೆಲವರಲ್ಲಿ ಮೆದು ಅಂಗುಳ ಹಿಂದಕ್ಕೆ ಅಂಟಿಕೊಳ್ಳುತ್ತದೆ. ಕೆಲವರಲ್ಲಿ ಪಕ್ಕದ ಗೋಡೆಗಳು ಒಳಗೆ ಕುಸಿಯುತ್ತವೆ, ಇನ್ನು ಕೆಲವರಲ್ಲಿ ನಾಲಿಗೆಯ ಬುಡವೇ ಹಿಂದೆ ಜಾರುತ್ತದೆ. ಎದೆ, ಹೊಟ್ಟೆ ಏರಿಳಿಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ.

ಮಕ್ಕಳಲ್ಲಿ ಸಾಮಾನ್ಯವಾಗಿ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದಿರುವ ಗ್ರಂಥಿ) ತೆಗೆಯುವುದೇ ಮೊದಲ ಚಿಕಿತ್ಸೆ. ದೊಡ್ಡವರಲ್ಲಿ ಅಷ್ಟು ಸುಲಭವಲ್ಲ. ಮೂಗಿನ ನಡುಗೋಡೆ ನೇರ ಮಾಡಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡು ಬರುವವರು ಜಾಸ್ತಿ. ಅದರಿಂದ ಆಪ್ನಿಯಾ ಹೆಚ್ಚೇನೂ ಇಳಿಯುವುದಿಲ್ಲ. ಆದರೆ ಮೂಗು ಬಿಡಿಸಿಕೊಂಡರೆ ಮಾಸ್ಕ್ ಸಹಿಸಿಕೊಳ್ಳಲು ಸುಲಭ, ಅದೂ ಸಣ್ಣ ಲಾಭವಲ್ಲ.

ಅಂಗುಳದ ಆಪರೇಷನ್ 1981ರಿಂದ ಹೆಸರುವಾಸಿ. ಆಗ ಹೆಚ್ಚು ಭಾಗ ಕತ್ತರಿಸಿ ತೆಗೆಯುತ್ತಿದ್ದರು, ಕೆಲವರಿಗೆ ಕುಡಿದ ನೀರು ಮೂಗಿಗೆ ಬರುತ್ತಿತ್ತು. ಈಗ ಆದಷ್ಟು ಉಳಿಸಿಕೊಂಡು, ಸ್ನಾಯುವನ್ನು ಎಳೆದು ಹೊಲಿಯುವ ವಿಧಾನವೇ ನನಗೆ ಸರಿ ಅನಿಸುತ್ತದೆ. ದವಡೆ ಚಿಕ್ಕದಾಗಿ ಹಿಂದೆ ಸರಿದಿದ್ದರೆ ಎರಡೂ ದವಡೆಗಳನ್ನು ಸುಮಾರು ಒಂದು ಸೆಂಟಿಮೀಟರ್ ಮುಂದೆ ತರುವ ಶಸ್ತ್ರಚಿಕಿತ್ಸೆಯಿದೆ. ಫಲಿತಾಂಶ ತುಂಬಾ ಚೆನ್ನಾಗಿದೆ, ಆದರೆ ದೊಡ್ಡ ಆಪರೇಷನ್. ತುಟಿ, ಗಲ್ಲ ಜೋಮು ಹಿಡಿಯಬಹುದು, ಮುಖದ ಆಕಾರವೂ ಸ್ವಲ್ಪ ಬದಲಾಗುತ್ತದೆ.

ನಾಲಿಗೆಯ ನರಕ್ಕೆ ಮಿಡಿತ ಕೊಡುವ ಸಾಧನಕ್ಕೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ಎದೆಯ ಮೇಲ್ಭಾಗದ ಚರ್ಮದ ಕೆಳಗೆ ಕೂರುವ ಇದು ಉಸಿರಿನ ಜೊತೆಜೊತೆಗೆ ನಾಲಿಗೆಯನ್ನು ಮುಂದಕ್ಕೆ ತಳ್ಳಿಸುತ್ತದೆ. 126 ಜನರ ಅಧ್ಯಯನದಲ್ಲಿ ಗಂಟೆಗೆ ಸುಮಾರು 29 ಇದ್ದ ಉಸಿರಿನ ಅಡಚಣೆಗಳ ಮಧ್ಯಕ ಒಂದು ವರ್ಷದಲ್ಲಿ 9ಕ್ಕೆ ಇಳಿಯಿತು. ಅಂಗುಳದ ಹತ್ತಿರ ದಾರಿ ಸುತ್ತಲಿಂದಲೂ ಮುಚ್ಚುವವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ.

ಯಾವ ಆಪರೇಷನ್ ಆದರೂ ಅರಿವಳಿಕೆ ತಜ್ಞರಿಗೆ ಆಪ್ನಿಯಾ ಇರುವುದನ್ನು ಮೊದಲೇ ಹೇಳಿ. ಕೆಲವು ನೋವಿನ ಔಷಧಿಗಳು ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ಗಾಯ ಮಾಗಿದ ಮೇಲೆ, ಕೆಲವು ತಿಂಗಳ ನಂತರ ಸ್ಲೀಪ್ ಸ್ಟಡಿ (ನಿದ್ರೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ಮತ್ತೆ ಮಾಡಿಸಲೇಬೇಕು. ಗೊರಕೆಯ ಸದ್ದು ನಿಂತರೂ ಉಸಿರು ಕಟ್ಟುವುದು ಮುಂದುವರಿಯಬಹುದು. ಆ ರಿಪೋರ್ಟ್ ನೋಡಿ ವೈದ್ಯರು ಸಾಕು ಅನ್ನುವವರೆಗೆ ಮೆಷಿನ್ ಮೂಲೆಗೆ ಹಾಕಬೇಡಿ.