ಚಾರ್ಜಿಂಗ್ ಲೈಟ್ ಹೋದರೆ ಬ್ಯಾಟರಿ ಯಾಕೆ ಇಳಿಯುತ್ತೆ?

ಪ್ರಶ್ನೆ: ನನ್ನ ಹತ್ರ ಹಳೇ ಬಿಎಂಡಬ್ಲ್ಯು ಆರ್ 100 ಬೈಕ್ ಇದೆ. ಮೀಟರಿನ ಕೆಂಪು ಚಾರ್ಜಿಂಗ್ ಲೈಟ್ ಹೋಗಿದೆ. ಅದು ಬರೀ ಇಂಡಿಕೇಟರ್, ಇಲ್ಲದಿದ್ರೂ ನಡೆಯುತ್ತೆ ಅಂದರು ಮೆಕ್ಯಾನಿಕ್. ಈಗ ಬ್ಯಾಟರಿ ಪದೇ ಪದೇ ಇಳಿಯುತ್ತಿದೆ. ಎರಡಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ. ಮೊದಲು ಬಲ್ಬ್ ಹಾಕಿಸಿ, ಆಮೇಲೆ ಬ್ಯಾಟರಿ ಬಗ್ಗೆ ಯೋಚಿಸಿ. ಇದನ್ನು ಹೇಳಿ ಹೇಳಿ ಸಾಕಾಗಿದೆ. ಆದರೂ ‘ಬರೀ ಇಂಡಿಕೇಟರ್’ ಅನ್ನೋ ಮಾತು ಗ್ಯಾರೇಜಿನಿಂದ ಗ್ಯಾರೇಜಿಗೆ ಓಡಾಡುತ್ತಲೇ ಇದೆ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಬೈಕಿನಲ್ಲಿ ಕರೆಂಟ್ ತಯಾರಿಸೋದು ಆಲ್ಟರ್ನೇಟರ್, ಅದರ ತಿರುಗುವ ಭಾಗವೇ ರೋಟರ್. ನಮ್ಮ ಸ್ಪ್ಲೆಂಡರ್, ಪಲ್ಸರ್‌ಗಳಲ್ಲಿ ಈ ತಿರುಗುವ ಭಾಗದಲ್ಲೇ ಮ್ಯಾಗ್ನೆಟ್ ಇರುತ್ತೆ. ಎಂಜಿನ್ ತಿರುಗಿದರೆ ಸಾಕು, ಕರೆಂಟ್ ಬರುತ್ತೆ. 1969ರಿಂದ ಬಂದ ಬಿಎಂಡಬ್ಲ್ಯುವಿನ ಏರ್‌ಕೂಲ್ಡ್ ಬಾಕ್ಸರ್ (ಎಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು ಸಿಲಿಂಡರ್ ಚಾಚಿರುವ) ಬೈಕುಗಳಲ್ಲಿ ಹಾಗಲ್ಲ. ಅಲ್ಲಿ ರೋಟರ್ ಅಂದರೆ ತಾಮ್ರದ ತಂತಿ ಸುತ್ತಿದ ಕಬ್ಬಿಣ. ತಂತಿಯಲ್ಲಿ ಕರೆಂಟ್ ಹರಿದಾಗ ಮಾತ್ರ ಅದು ಮ್ಯಾಗ್ನೆಟ್. ಆ ಮೊದಲ ಕರೆಂಟ್ ಬರೋದು ಈ ಬಲ್ಬಿನ ಮೂಲಕವೇ! ಕೀ ಆನ್ ಮಾಡಿದಾಗ ಬ್ಯಾಟರಿಯಿಂದ ಬಲ್ಬು, ಅಲ್ಲಿಂದ ರೆಗ್ಯುಲೇಟರ್ (ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ), ಬ್ರಶ್ (ತಿರುಗುವ ರೋಟರಿಗೆ ತಾಗಿಕೊಂಡು ಕರೆಂಟ್ ದಾಟಿಸುವ ಕಾರ್ಬನ್ ತುಂಡು), ರೋಟರ್, ಕೊನೆಗೆ ಅರ್ತ್. ಹರಿಯೋದು ಕಾಲು ಆಂಪಿಯರ್ ಆಸುಪಾಸು ಅಷ್ಟೇ. ಪಂಪಿಗೆ ಮೊದಲು ಒಂದು ಕೊಡ ನೀರು ಹುಯ್ದು ಶುರು ಮಾಡ್ತೀವಲ್ಲ, ಹಾಗೇ ಇದು. ಒಮ್ಮೆ ಆಲ್ಟರ್ನೇಟರ್ ಎದ್ದರೆ ತನ್ನ ರೋಟರಿಗೆ ಬೇಕಾದ ಕರೆಂಟನ್ನು ತಾನೇ ಕೊಟ್ಟುಕೊಳ್ಳುತ್ತೆ. ಆಗ ಬಲ್ಬಿನ ಎರಡೂ ಕಡೆ ವೋಲ್ಟೇಜ್ ಸಮ ಆಗಿ ಲೈಟ್ ಆರುತ್ತೆ.

‘ನನ್ನ ಬೈಕಲ್ಲಿ ಬಲ್ಬ್ ಇಲ್ಲ, ಆದ್ರೂ ಚಾರ್ಜ್ ಆಗುತ್ತೆ’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ರೋಟರಿನ ಕಬ್ಬಿಣದಲ್ಲಿ ಒಂಚೂರು ಮ್ಯಾಗ್ನೆಟಿಸಂ ಉಳಿದಿರುತ್ತೆ. ಎಂಜಿನ್ ಜೋರಾಗಿ ರೇಸ್ ಮಾಡಿದರೆ ಕೆಲವೊಮ್ಮೆ ಅದೇ ಸಾಕಾಗಿ ಆಲ್ಟರ್ನೇಟರ್ ಏಳುತ್ತೆ. ಹೈವೇನಲ್ಲಿ ಸರಿ ಇದ್ದ ಬೈಕು ಊರೊಳಗೆ ನಿಧಾನವಾಗಿ ಓಡಾಡುವಾಗ ಬ್ಯಾಟರಿ ಇಳಿಸೋದು ಇದಕ್ಕೇ. ಈ ಅದೃಷ್ಟವನ್ನು ನೆಚ್ಚಿಕೊಂಡೇ ಆ ತಪ್ಪು ತಿಳಿವಳಿಕೆ ಇಷ್ಟು ವರ್ಷ ಬದುಕಿರೋದು. ಕೆಲವು ವಾಹನಗಳಲ್ಲಿ ಬಲ್ಬಿನ ಪಕ್ಕ ಒಂದು ರೆಸಿಸ್ಟರ್ (ಕರೆಂಟನ್ನು ಇಷ್ಟೇ ಅಂತ ತಡೆದು ಬಿಡುವ ಭಾಗ) ಇರುತ್ತೆ, ಅಲ್ಲಿ ಬಲ್ಬ್ ಹೋದರೂ ಕರೆಂಟ್ ಅದರ ಮೂಲಕ ಹೋಗಿ ನಡೆಯುತ್ತೆ. ನಿಮ್ಮದರಲ್ಲಿ ಬಲ್ಬೇ ಆ ರೆಸಿಸ್ಟರ್.

ಹಾಗಂತ ಬೇರೆ ಯಾವುದೋ ಬಲ್ಬ್ ಸಿಕ್ಕಿಸಬೇಡಿ. 12 ವೋಲ್ಟಿನ, 3ರಿಂದ 4 ವಾಟಿನದೇ ಬೇಕು. ಎಲ್‌ಇಡಿ ಹಾಕಿದರೆ ಚೆನ್ನಾಗಿ ಉರಿಯುತ್ತೆ, ಆದರೆ ಅದರಲ್ಲಿ ಹರಿಯೋ ಕರೆಂಟ್ ತೀರಾ ಕಡಿಮೆ, ರೋಟರಿಗೆ ಸಾಲಲ್ಲ. ಹಾಕಲೇಬೇಕು ಅಂದ್ರೆ ಅದಕ್ಕೆ ಪ್ಯಾರಲಲ್ ಆಗಿ 50 ಓಮ್ ಆಸುಪಾಸಿನ, 5 ವಾಟಿನ ರೆಸಿಸ್ಟರ್ ಕೂಡಿಸಿ.

ಹೊಸ ಬಲ್ಬ್ ಹಾಕಿದ ಮೇಲೂ ಕೀ ಆನ್ ಮಾಡಿದಾಗ ಲೈಟ್ ಬರದಿದ್ದರೆ ಎಂಜಿನ್ನಿನ ಮುಂದಿನ ಕವರ್ ಬಿಚ್ಚಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಇದನ್ನು ಮರೆಯಲೇಬೇಡಿ. ಬ್ರಶ್ ಸವೆದಿದೆಯಾ ನೋಡಿ. ಆಮೇಲೆ ಬ್ರಶ್‌ಗಳನ್ನು ಎತ್ತಿ ಹಿಡಿದು, ರೋಟರಿನ ಎರಡು ತಾಮ್ರದ ಬಳೆಗಳ ಮೇಲೆ ಮಲ್ಟಿಮೀಟರ್ ಇಡಿ. ಮಾಡೆಲ್ ನೋಡಿಕೊಂಡು 3ರಿಂದ 7 ಓಮ್ ಬರಬೇಕು. ಏನೂ ತೋರಿಸದಿದ್ದರೆ ಒಳಗೆ ತಂತಿ ಕಟ್ ಆಗಿದೆ ಅಂತಲೇ. ಈ ಬೈಕುಗಳಲ್ಲಿ ಅದೂ ಮಾಮೂಲಿ ಕಾಯಿಲೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಬ್ಯಾಟರಿ ಪೂರ್ತಿ ಸತ್ತಾಗ ಈ ಬೈಕನ್ನು ತಳ್ಳಿ ಸ್ಟಾರ್ಟ್ ಮಾಡೋಕೆ ಹೋಗಿ ಸುಮ್ನೆ ಸುಸ್ತಾಗಬೇಡಿ. ಸ್ಪಾರ್ಕಿಗೂ ಬ್ಯಾಟರಿ ಬೇಕು, ರೋಟರಿಗೂ ಬ್ಯಾಟರಿ ಬೇಕು. ಸ್ವಲ್ಪ ಚಾರ್ಜ್ ಉಳಿದಿದ್ದರೆ ತಳ್ಳಿ, ಪರವಾಗಿಲ್ಲ. ಇಲ್ಲಾಂದ್ರೆ ಇನ್ನೊಂದು 12 ವೋಲ್ಟ್ ಬ್ಯಾಟರಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿ.