ಚೀಲಕ್ಕೆ ಜಿಎಸ್‌ಎಂ ಮಾತ್ರ ಕೇಳಿದರೆ ಸಾಲದು

"ಬಟ್ಟೆ ಚೀಲ ಸಾರ್, ಪ್ಲಾಸ್ಟಿಕ್ ಅಲ್ಲ" ಎನ್ನುತ್ತಾ ಅಂಗಡಿಯವರು ಕೊಡುವ ಆ ಚುಕ್ಕೆ ಚುಕ್ಕೆಯ ನಾನ್‌ವೋವನ್ ಚೀಲ ಅಪ್ಪಟ ಪ್ಲಾಸ್ಟಿಕ್ಕೇ. ಕುರ್ಚಿ, ಡಬ್ಬಿಗಳಿಗೆ ಬಳಸುವ ಪಾಲಿಪ್ರೊಪಿಲೀನ್‌ನಿಂದಲೇ ಮಾಡಿದ್ದು. ಒಂದು ಚೂರಿಗೆ ಬೆಂಕಿ ತಾಗಿಸಿದರೆ ಹತ್ತಿಯಂತೆ ಬೂದಿಯಾಗುವುದಿಲ್ಲ, ಕರಗಿ ತೊಟ್ಟಿಕ್ಕುತ್ತದೆ.

ಇದಕ್ಕೆ ನೂಲೂ ಬೇಡ, ಮಗ್ಗವೂ ಬೇಡ. ಸ್ಪನ್‌ಬಾಂಡ್ ಎಂಬ ಯಂತ್ರಸಾಲಿನಲ್ಲಿ ಪ್ಲಾಸ್ಟಿಕ್ ಕಾಳು ಎಕ್ಸ್‌ಟ್ರೂಡರ್ ಎಂಬ ಕರಗಿಸಿ ತಳ್ಳುವ ಯಂತ್ರದೊಳಗೆ ಸುಮಾರು 230 ಡಿಗ್ರಿಯಲ್ಲಿ ಕರಗಿ, ಶಾವಿಗೆ ಒತ್ತಿನಿಂದ ಇಳಿಯುವ ಹಾಗೆ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ಎಳೆಎಳೆಯಾಗಿ ಇಳಿಯುತ್ತದೆ. ತಣ್ಣನೆ ಗಾಳಿ ಎಳೆಯನ್ನು ಗಟ್ಟಿ ಮಾಡುತ್ತದೆ, ರಭಸದ ಗಾಳಿ ಅದನ್ನು ಹಿಗ್ಗಿಸಿ ಸುಮಾರು 20 ಮೈಕ್ರಾನಿಗೆ ಸಣ್ಣದಾಗಿಸುತ್ತದೆ. ಕೆಳಗೆ ಓಡುವ ಜಾಲರಿ ಬೆಲ್ಟಿನ ಮೇಲೆ ಎಳೆಗಳು ಅಡ್ಡಾದಿಡ್ಡಿ ಬೀಳುತ್ತವೆ. ಈ ಹಂತದಲ್ಲಿ ಕೈಯಲ್ಲಿ ಹಿಡಿದೆಳೆದರೆ ಬಿಟ್ಟುಕೊಳ್ಳುವ ಬರೀ ಹಾಸು ಅದು.

ಅದನ್ನು ಬಟ್ಟೆಯಾಗಿಸುವುದು ಕ್ಯಾಲೆಂಡರ್ ಎಂಬ ಒತ್ತುಯಂತ್ರ. ಎರಡು ಬಿಸಿ ರೋಲರ್, ಒಂದು ನುಣುಪು, ಇನ್ನೊಂದರ ಮೈತುಂಬ ಉಬ್ಬು ಚುಕ್ಕೆ. ಚುಕ್ಕೆ ಒತ್ತಿದಲ್ಲಷ್ಟೇ ಎಳೆಗಳು ಬೆಸೆದುಕೊಳ್ಳುತ್ತವೆ, ಒಟ್ಟು ಮೈಯಲ್ಲಿ ಐದನೇ ಒಂದು ಭಾಗದಷ್ಟು ಇರಬಹುದು. ಉಳಿದದ್ದು ಸಡಿಲವಾಗಿರುವುದರಿಂದಲೇ ಬಟ್ಟೆ ಮೆತ್ತಗಿರುತ್ತದೆ, ಗಾಳಿಯಾಡುತ್ತದೆ. ಪಾಲಿಪ್ರೊಪಿಲೀನ್ ಕರಗುವುದು 160ರ ಆಸುಪಾಸು. ರೋಲರ್ ಅದಕ್ಕಿಂತ ತುಸು ಕೆಳಗಿರಬೇಕು, ಐದಾರು ಡಿಗ್ರಿ ಹೆಚ್ಚುಕಮ್ಮಿಯಾದರೂ ಬಟ್ಟೆ ಹೇಳಿಬಿಡುತ್ತದೆ. ಬಿಸಿ ಸಾಲದಿದ್ದರೆ ಹೆಬ್ಬೆರಳಿನಿಂದ ಉಜ್ಜುತ್ತಿದ್ದಂತೆ ಜುಂಗು ಏಳುತ್ತದೆ. ಜಾಸ್ತಿಯಾದರೆ ಕಾಗದದಂತೆ ಸರಸರ ಸದ್ದು, ಎಳೆದರೆ ಚುಕ್ಕೆಗಳ ಅಂಚಿನಲ್ಲೇ ಹರಿಯುತ್ತದೆ.

ಖರೀದಿಗೆ ಬರುವವರು ಇದನ್ನೆಲ್ಲ ನೋಡುವುದಿಲ್ಲ. "ಎಷ್ಟು ಜಿಎಸ್‌ಎಂ, ಕೆಜಿಗೆ ಎಷ್ಟು?" ಎರಡೇ ಪ್ರಶ್ನೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಕೇಂದ್ರದ ಪ್ಲಾಸ್ಟಿಕ್ ನಿಯಮವೂ ಜಿಎಸ್‌ಎಂ ಕೇಳುತ್ತದೆನ್ನಿ: 2021ರ ಸೆಪ್ಟೆಂಬರ್ 30ರಿಂದ ನಾನ್‌ವೋವನ್ ಪ್ಲಾಸ್ಟಿಕ್ ಚೀಲ 60 ಜಿಎಸ್‌ಎಂಗಿಂತ ಕಡಿಮೆ ಇರಬಾರದು. ಪರೀಕ್ಷೆ ಸುಲಭ. ಬೇರೆ ಬೇರೆ ಕಡೆಯಿಂದ 10 ಸೆಂ.ಮೀ. ಚೌಕದ ಹತ್ತು ತುಂಡು ಕತ್ತರಿಸಿ ತೂಗಿದರೆ ಒಟ್ಟು ಕನಿಷ್ಠ 6 ಗ್ರಾಂ ಬರಬೇಕು.

ಆದರೆ ತೂಕ ಬಂದ ಮಾತ್ರಕ್ಕೆ ಬಲ ಬಂತೆಂದಲ್ಲ. ಅಗ್ಗದ ಕ್ಯಾಲ್ಸಿಯಂ ಕಾರ್ಬೊನೇಟ್ (ಸುಣ್ಣಕಲ್ಲಿನ ಪುಡಿ) ಬೆರೆಸಿ ತೂಕ ತುಂಬಿಸುವವರಿದ್ದಾರೆ. ಹಾಗಾಗಿ ಒಂದು ಪಟ್ಟಿಯನ್ನು ರೋಲ್ ಬಿಚ್ಚುವ ದಿಕ್ಕಿನಲ್ಲೂ, ಇನ್ನೊಂದನ್ನು ಅಡ್ಡಕ್ಕೂ ಕತ್ತರಿಸಿ ಎಳೆದು ನೋಡಿ. ಅಡ್ಡಕ್ಕೆ ಸ್ವಲ್ಪ ಕಡಿಮೆ ಬಲ ಇರುವುದು ಸಹಜ, ಬೆಲ್ಟ್ ಓಡುವ ದಿಕ್ಕಿಗೆ ಹೆಚ್ಚು ಎಳೆ ಮಲಗಿರುತ್ತವೆ. ತೀರಾ ಅಂತರವಿದ್ದರೆ ಆ ಮಾಲು ಬೇಡ. ಚೀಲ ಹೊಲಿಸುವವರು ಹಿಡಿಕೆಯ ಪಟ್ಟಿಯನ್ನು ಉದ್ದದ ದಿಕ್ಕಿನಲ್ಲೇ ಕತ್ತರಿಸಬೇಕು. ಬಟ್ಟೆ ಉಳಿಸಲು ಅಡ್ಡ ಕತ್ತರಿಸಿದರೆ ಭಾರಕ್ಕೆ ಹಿಡಿಕೆ ಬೇಗ ಹರಿಯಬಹುದು.

ಕಲ್ಲಂಗಡಿ ಸಾಲಿಗೆ ಹೊದಿಸುವ ಕ್ರಾಪ್ ಕವರ್ ಕೂಡ ಇದೇ ಬಟ್ಟೆ, ಬಹಳ ತೆಳುವಾದದ್ದು. ಅಲ್ಲಿ ಕೇಳಬೇಕಾದ್ದು ಯುವಿ ಸ್ಟೆಬಿಲೈಸರ್, ಅಂದರೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ ಬೆರಕೆ, ಹಾಕಿದ್ದೀರಾ ಎಂದು. ಹಾಕದಿದ್ದರೆ ಬಿಸಿಲಿಗೆ ಕವರ್ ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತದೆ, ಆಮೇಲೆ ಆರಿಸಿ ತೆಗೆಯಲೂ ಆಗುವುದಿಲ್ಲ.